ಸುಳ್ಳನ್ನು ಹಿಡಿದ ವುಡ್, ಸುಳ್ಳಾದ ನಾನು

ಕಳೆದ ದಸರಾ ರಜೆಯಲ್ಲಿ ಒಬ್ಬ ತಾತನ ಮನಸ್ಸು ನೋಯಿಸಿಬಿಟ್ಟೆ. ಆ ತಪ್ಪಿನಿಂದಲೇ ಈ ಬರಹ ಹುಟ್ಟಿದ್ದು.

ನಮ್ಮದು ತಿಪಟೂರು. ಅಪ್ಪನದು ಕಿರಾಣಿ ಅಂಗಡಿ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಐದನೇ ಸೆಮಿಸ್ಟರ್. ಅದಕ್ಕೂ ಕೆಲವು ತಿಂಗಳ ಹಿಂದೆ ಅಂಗಡಿಗೆ ಒಂದು ಖೋಟಾ ನೋಟು ಬಂದು ಅಪ್ಪ 500 ರೂಪಾಯಿ ಕಳೆದುಕೊಂಡಿದ್ದರು. ಇನ್ನು ಹಾಗಾಗಬಾರದು ಎಂದು ನಾನು ಆನ್‌ಲೈನ್‌ನಲ್ಲಿ ಒಂದು ಯುವಿ ಟಾರ್ಚ್ ತರಿಸಿದ್ದೆ. ನೇರಳಾತೀತ ಬೆಳಕು ಬಿದ್ದಾಗ ಅಸಲಿ ನೋಟಿನ ಕಾಗದ ಮಂಕಾಗಿಯೇ ಇರುತ್ತದೆ, ಸಾಮಾನ್ಯ ಕಾಗದದಲ್ಲಿ ಮುದ್ರಿಸಿದ ನಕಲಿ ನೀಲಿಯಾಗಿ ಫಳಫಳ ಹೊಳೆಯುತ್ತದೆ. ಇಷ್ಟು ಓದಿಕೊಂಡು ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದೆ.

ಒಂದು ದಿನ ಸಂಜೆ ಪಕ್ಕದ ಹಳ್ಳಿಯ ತಾತ ಬೆಲ್ಲ, ಬೇಳೆ ಕಟ್ಟಿಸಿಕೊಂಡು 500ರ ನೋಟು ಕೊಟ್ಟರು. ಟಾರ್ಚ್ ಹಿಡಿದೆ. ನೋಟಿಗೆ ನೋಟೇ ನೀಲಿಯಾಗಿ ಹೊಳೆಯಿತು. ಅಂಗಡಿ ತುಂಬ ಗಿರಾಕಿಗಳಿದ್ದರು. ಅಷ್ಟು ಜನರ ಮುಂದೆ ಇದು ಕಳ್ಳನೋಟು ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ತಾತ ಏನೂ ಮಾತಾಡಲಿಲ್ಲ. ನೋಟು ಮಡಚಿ ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಂಡು, ಕಟ್ಟಿಸಿದ ಸಾಮಾನು ಅಲ್ಲೇ ಬಿಟ್ಟು ಹೋದರು. ನಾನೋ, ಅಪ್ಪನ 500 ರೂಪಾಯಿ ಉಳಿಸಿದೆ ಎಂದು ಬೀಗುತ್ತಿದ್ದೆ.

ಮೂರು ದಿನ ಕಳೆಯಿತು. ಅಮ್ಮ ನನ್ನ ಜೀನ್ಸ್ ಒಗೆದಾಗ ಜೇಬಿನಲ್ಲಿದ್ದ 100ರ ನೋಟೂ ಒಗೆದುಹೋಗಿತ್ತು. ಒಣಗಿಸಿ, ತಮಾಷೆಗೆ ಟಾರ್ಚ್ ಹಿಡಿದೆ. ಅದೂ ನೀಲಿಯಾಗಿ ಹೊಳೆಯಿತು. ಆ ನೋಟನ್ನು ಎಟಿಎಂನಿಂದ ತೆಗೆದವನು ನಾನೇ!

ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಎಂದು ಕೆಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. ಅವು ನೇರಳಾತೀತವನ್ನು ಹೀರಿಕೊಂಡು ನೀಲಿ ಬೆಳಕು ಬಿಡುತ್ತವೆ. ನೋಟು ಆ ನೀರಿನಲ್ಲಿ ನೆನೆದರೆ ಅಸಲಿಯೂ ನಕಲಿಯಂತೆ ಹೊಳೆಯುತ್ತದೆ. ತಾತನ ನೋಟಿಗೂ ಇದೇ ಆಗಿರಬಹುದು ಎಂದು ಹೊಳೆದ ಕ್ಷಣ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಬೆಳಕನ್ನು ಕೆಲಸಕ್ಕೆ ಹಚ್ಚಿದವರು ಯಾರು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ರಾಬರ್ಟ್ ವಿಲಿಯಮ್ಸ್ ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ. ಚರ್ಮದ ಡಾಕ್ಟರುಗಳು ಇವತ್ತಿಗೂ ಬಳಸುವ ವುಡ್ಸ್ ಲ್ಯಾಂಪ್‌ಗೆ ಹೆಸರು ಬಂದಿದ್ದು ಇವರಿಂದಲೇ.

ಕಾರ್ಖಾನೆಯಲ್ಲಿ ಆಡಿದ ಹುಡುಗ

ವುಡ್ ಹುಟ್ಟಿದ್ದು 1868ರ ಮೇ 2ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್‌ನಲ್ಲಿ. ತಂದೆ ವೈದ್ಯರು. ಬಾಲ್ಯದಲ್ಲಿ ಮನೆಯ ಹತ್ತಿರವೇ ಗಾಳಿ ಬೀಸುವ ದೊಡ್ಡ ಯಂತ್ರಗಳ ಕಾರ್ಖಾನೆ ಇತ್ತು. ಮಾಲೀಕರಿಗೆ ಈ ಹುಡುಗನ ಮೇಲೆ ಪ್ರೀತಿ. ಒಳಗೆ ಓಡಾಡಲು, ಯಂತ್ರಗಳನ್ನು ಮುಟ್ಟಲು ಬಿಟ್ಟಿದ್ದರು. ವಸ್ತುವನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಜೋಡಿಸಿ ಕಲಿಯುವ ಅಭ್ಯಾಸ ಅಲ್ಲೇ ಶುರುವಾಯಿತು. ಕೊನೆಯವರೆಗೂ ಅವರು ವಿಜ್ಞಾನ ಮಾಡಿದ್ದು ಹೀಗೆಯೇ. ದೊಡ್ಡ ಗಣಿತಕ್ಕಿಂತ ಚುರುಕಾದ ಪ್ರಯೋಗವೇ ಅವರ ದಾರಿ.

1891ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದರು, ವಿಷಯ ರಸಾಯನಶಾಸ್ತ್ರ. ಮುಂದೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್, ಷಿಕಾಗೊ, ಆಮೇಲೆ ಬರ್ಲಿನ್. ರಸಾಯನಶಾಸ್ತ್ರ ಓದಲು ಹೋದವರು ಬರ್ಲಿನ್‌ನಲ್ಲಿ ಭೌತವಿಜ್ಞಾನಕ್ಕೆ ಹೊರಳಿಕೊಂಡರು. ಇಷ್ಟು ಕಡೆ ಓದಿದರೂ ಪಿಎಚ್‌.ಡಿ. ಮುಗಿಸಲಿಲ್ಲ. ಬ್ರ್ಯಾಂಚ್ ತಪ್ಪಾಯಿತೇನೋ ಎಂದು ಎರಡನೇ ವರ್ಷದಲ್ಲಿ ಕೊರಗುವ ನನ್ನಂಥವರಿಗೆ ಈ ಭಾಗ ಓದಿದರೆ ಸ್ವಲ್ಪ ಧೈರ್ಯ ಬರುತ್ತದೆ.

ಬಾಲ್ಟಿಮೋರ್‌ನ ಬೋರ್ಡಿಂಗ್ ಮನೆಯ ಕಥೆಯೊಂದನ್ನು ಅವರ ಬಗ್ಗೆ ಈಗಲೂ ಹೇಳುತ್ತಾರೆ. ರಾತ್ರಿ ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಬೆಳಗಿನ ತಿಂಡಿಗೆ ಬಡಿಸುತ್ತಾರೆ ಎಂದು ಹುಡುಗರಿಗೆ ಅನುಮಾನ. ವುಡ್ ಒಂದು ರಾತ್ರಿ ತಾವು ಬಿಟ್ಟ ತುಂಡುಗಳ ಮೇಲೆ ಲಿಥಿಯಂ ಕ್ಲೋರೈಡ್ ಉದುರಿಸಿದರು. ನೋಡಲು, ರುಚಿಗೆ ಅದು ಉಪ್ಪಿನಂತೆಯೇ. ಮರುದಿನದ ತಿಂಡಿಯ ಚೂರನ್ನು ಬೆಂಕಿಯಲ್ಲಿ ಹಿಡಿದು ರೋಹಿತದರ್ಶಕದಲ್ಲಿ ನೋಡಿದಾಗ ಲಿಥಿಯಂನ ಕೆಂಪು ಗೆರೆ ಕಂಡಿತಂತೆ. ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಅವರು ಗಲಾಟೆ ಮಾಡುವ ಮೊದಲು ಸಾಕ್ಷಿ ಹುಡುಕಿದರು ಎಂಬುದು ನನಗೆ ತಟ್ಟಿದ್ದು ಮಾತ್ರ ಈಗ.

ಬರ್ಲಿನ್‌ನಲ್ಲಿದ್ದಾಗ ಗ್ಲೈಡರ್‌ನಲ್ಲಿ ಹಾರುತ್ತಿದ್ದ ಒಟ್ಟೊ ಲಿಲಿಯೆಂಥಾಲ್ ಅವರ ಪರಿಚಯವಾಯಿತು. 1896ರ ಆಗಸ್ಟ್ ಮೊದಲ ವಾರ ವುಡ್ ಅವರ ಹಾರಾಟದ ಫೋಟೊ ತೆಗೆದರು, ತಾವೂ ರೆಕ್ಕೆ ಕಟ್ಟಿಕೊಂಡು ಪ್ರಯತ್ನಿಸಿದರು. ವಾರದೊಳಗೆ ಲಿಲಿಯೆಂಥಾಲ್ ಬಿದ್ದು ತೀರಿಕೊಂಡರು.

ಅಮೆರಿಕಕ್ಕೆ ಮರಳಿ 1897ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಅಲ್ಲಿಯ ಕಡುಚಳಿಗೆ ನೆಲದೊಳಗಿನ ನೀರಿನ ಪೈಪುಗಳು ಹೆಪ್ಪುಗಟ್ಟುತ್ತಿದ್ದವು. ಅಗೆದು ತೆಗೆಯುವುದು ದೊಡ್ಡ ರಗಳೆ. ವುಡ್ ಪೈಪಿನ ಎರಡು ತುದಿಗೆ ತಂತಿ ಸೇರಿಸಿ ವಿದ್ಯುತ್ ಹರಿಸಿದರು. ಪೈಪ್ ಬಿಸಿಯಾಗಿ ಐಸ್ ಕರಗಿತು. 1901ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರೊಫೆಸರ್ ಆದರು. ಜೀವಮಾನದ ಕೆಲಸ ಅಲ್ಲೇ ನಡೆಯಿತು.

ಕಪ್ಪು ಗಾಜಿನ ಕೆಲಸ

ನೇರಳಾತೀತವನ್ನು ಕಂಡುಹಿಡಿದವರು ವುಡ್ ಅಲ್ಲ. 1801ರಲ್ಲಿ ಜರ್ಮನಿಯ ಯೋಹಾನ್ ರಿಟರ್, ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲೂ ಬೆಳ್ಳಿಯ ಲವಣ ಕಪ್ಪಾಗುವುದನ್ನು ನೋಡಿದ್ದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಪ್ರತಿದೀಪ್ತಿಯನ್ನು ವಿವರಿಸಿದರು. ಕಣ್ಣಿಗೆ ಕಾಣದ ಕಿರಣವನ್ನು ಕೆಲವು ವಸ್ತುಗಳು ನುಂಗಿ, ಅದಕ್ಕಿಂತ ಉದ್ದದ ತರಂಗವಾಗಿ, ಅಂದರೆ ಕಾಣುವ ಬಣ್ಣವಾಗಿ ಹೊರಬಿಡುತ್ತವೆ. ನೋಟು ಹೊಳೆಯುವುದು, ಬಿಳಿ ಅಂಗಿ ಡಿಸ್ಕೊ ಲೈಟಿನಲ್ಲಿ ಮಿಂಚುವುದು ಎಲ್ಲ ಇದರಿಂದಲೇ.

ಆದರೆ ಒಂದು ತೊಡಕಿತ್ತು. ನೇರಳಾತೀತ ಕೊಡುವ ದೀಪಗಳು ಕಾಣುವ ಬೆಳಕನ್ನೂ ಜೋರಾಗಿ ಕೊಡುತ್ತವೆ. ಆ ಬೆಳಕಿನ ಅಬ್ಬರದಲ್ಲಿ ಮೆಲ್ಲನೆಯ ಹೊಳಪು ಮುಚ್ಚಿಹೋಗುತ್ತದೆ. ಜಾತ್ರೆಯ ಮೈಕಿನ ನಡುವೆ ಪಿಸುಮಾತು ಕೇಳಿಸುತ್ತದೆಯೇ? ಮೊದಲು ಮೈಕ್ ಆಫ್ ಮಾಡಬೇಕು. 1903ರ ಹೊತ್ತಿಗೆ ವುಡ್ ಮಾಡಿದ್ದು ಅದನ್ನೇ. ಕಾಣುವ ಬೆಳಕನ್ನು ತಡೆದು ನೇರಳಾತೀತವನ್ನು ಮಾತ್ರ ಬಿಡುವ ಶೋಧಕಗಳನ್ನು ತಯಾರಿಸಿದರು. ಮುಂದೆ ನಿಕ್ಕೆಲ್ ಆಕ್ಸೈಡ್ ಬೆರೆಸಿದ, ನೋಡಲು ಕಪ್ಪಗಿರುವ ಗಾಜು ಬಂತು. ಅದಕ್ಕೆ ವುಡ್ಸ್ ಗ್ಲಾಸ್ ಎಂದೇ ಹೆಸರು. ಅದು ಚೆನ್ನಾಗಿ ಬಿಡುವುದು 365 ನ್ಯಾನೊಮೀಟರ್ ಸುತ್ತಲಿನ ಕಿರಣವನ್ನು.

ಇದನ್ನು ಓದಿ ನನ್ನ ಟಾರ್ಚ್ ತಿರುಗಿಸಿ ನೋಡಿದೆ. 395 ಎಂದು ಬರೆದಿತ್ತು. ಕಡಿಮೆ ಬೆಲೆಯ ಬಹುತೇಕ ಟಾರ್ಚ್‌ಗಳು ಇಂಥವೇ. ಇವು ಕಾಣುವ ನೇರಳೆ ಬೆಳಕನ್ನೂ ಚೆಲ್ಲುತ್ತವೆ, ಮೇಲೆ ಶೋಧಕವೂ ಇರುವುದಿಲ್ಲ. ವುಡ್ ಪರಿಹರಿಸಿದ ಸಮಸ್ಯೆಯನ್ನೇ ಕೈಯಲ್ಲಿ ಹಿಡಿದುಕೊಂಡು ನಾನು ತೀರ್ಪು ಕೊಟ್ಟಿದ್ದೆ!

ಈ ಕಾಣದ ಬೆಳಕನ್ನು ವುಡ್ ಎಲ್ಲೆಲ್ಲೋ ತಿರುಗಿಸಿದರು. 1910ರ ಸುಮಾರಿಗೆ ಚಂದ್ರನ ಫೋಟೊ ತೆಗೆದಾಗ ಅರಿಸ್ಟಾರ್ಕಸ್ ಕುಳಿಯ ಬಳಿ, ಬರಿಗಣ್ಣಿಗೆ ಕಾಣದ ಕಪ್ಪು ಕಲೆಯೊಂದು ಮೂಡಿತು. ಅದೇ ಕಾಲದಲ್ಲಿ ಅವಕೆಂಪಿನಲ್ಲಿ ತೆಗೆದ ಫೋಟೊಗಳಲ್ಲಿ ಮರದ ಎಲೆಗಳು ಹಿಮದಂತೆ ಬೆಳ್ಳಗೆ ಕಂಡವು. ಮೊದಲ ಮಹಾಯುದ್ಧ ಬಂದಾಗ ಅವರು ಸೇನೆಯಲ್ಲಿ ಮೇಜರ್. ರಾತ್ರಿ ಸಾಗುವ ಹಡಗುಗಳು ಶತ್ರುವಿಗೆ ಗೊತ್ತಾಗದಂತೆ ಸಂಕೇತ ಕೊಡಲು ಕಾಣದ ಬೆಳಕಿನ ದೀಪಗಳನ್ನು ರೂಪಿಸಿದರು. ಈ ದೀಪದಡಿ ಸಹಜ ಹಲ್ಲು ಹೊಳೆಯುತ್ತದೆ, ಆ ಕಾಲದ ಕಟ್ಟಿಸಿದ ಹಲ್ಲು ಕಪ್ಪಾಗಿ ಕಾಣುತ್ತಿತ್ತು. ಅಸಲಿ ನಕಲಿ ಗುರುತಿಸುವ ಆಟ ಅಲ್ಲಿಗೇ ಶುರು ಎನ್ನಿ.

1925ರಲ್ಲಿ ಫ್ರಾನ್ಸ್‌ನ ವೈದ್ಯರು ಇದೇ ದೀಪದಿಂದ ಮಕ್ಕಳ ತಲೆಯ ಹುಳುಕಡ್ಡಿಯನ್ನು ಪತ್ತೆ ಮಾಡಿದರು. ಸೋಂಕಿನ ಕೂದಲು ಹಸಿರಾಗಿ ಹೊಳೆಯುತ್ತದೆ. ಪೊಲೀಸರೂ ದಾಖಲೆ ಪರೀಕ್ಷಕರೂ ಇದನ್ನು ಕೈಗೆತ್ತಿಕೊಂಡರು. ಬರೆದದ್ದನ್ನು ಕೆಮಿಕಲ್ ಹಾಕಿ ಅಳಿಸಿದರೆ ಕಣ್ಣಿಗೆ ಕಾಗದ ಬಿಳಿ, ದೀಪದಡಿ ಅಳಿಸಿದ ಜಾಗ ಬೇರೆಯಾಗಿ ಕಾಣುತ್ತದೆ. ಎರಡು ಪೆನ್ನಿನ ಶಾಯಿ ಬರಿಗಣ್ಣಿಗೆ ಒಂದೇ ಬಣ್ಣವಾದರೂ ಇಲ್ಲಿ ಬೇರೆ ಬೇರೆಯಾಗಬಹುದು. ಇವತ್ತು ನಮ್ಮ ನೋಟಿನ ಸಂಖ್ಯೆಗಳನ್ನು ಪ್ರತಿದೀಪ್ತ ಶಾಯಿಯಲ್ಲಿ ಮುದ್ರಿಸುತ್ತಾರೆ, ಕಾಗದದಲ್ಲಿ ಹೊಳೆಯುವ ಎಳೆಗಳನ್ನು ಸೇರಿಸಿರುತ್ತಾರೆ. ಪಾಸ್‌ಪೋರ್ಟ್ ಪುಟಗಳಲ್ಲೂ ಹೀಗೆ ಹೊಳೆಯುವ ಗುರುತುಗಳಿರುತ್ತವೆ. ನೋಟಿನ ಕಾಗದ ಹತ್ತಿಯದ್ದು, ಅದಕ್ಕೆ ಬಿಳುಪಿನ ರಾಸಾಯನಿಕ ಹಾಕಿರುವುದಿಲ್ಲ. ಅದಕ್ಕೇ ಅದು ಮಂಕು.

ಇಲ್ಲದ ಕಿರಣ ಕಂಡವರು

ಕಾಣದ್ದನ್ನು ಕಾಣಿಸಿದ್ದು ವುಡ್ ಅವರ ಅರ್ಧ ಕಥೆ. ಉಳಿದರ್ಧ ನನ್ನ ಮುಖಕ್ಕೇ ಕನ್ನಡಿ ಹಿಡಿಯಿತು.

1903ರಲ್ಲಿ ಫ್ರಾನ್ಸ್‌ನ ನಾನ್ಸಿ ಪಟ್ಟಣದ ಹೆಸರಾಂತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ ಹೊಸ ಕಿರಣ ಸಿಕ್ಕಿದೆ ಎಂದು ಪ್ರಕಟಿಸಿದರು. ಊರಿನ ನೆನಪಿಗೆ ಎನ್-ಕಿರಣ ಎಂದು ಹೆಸರಿಟ್ಟರು. ಎಕ್ಸ್ ಕಿರಣ ಬಂದು ಇನ್ನೂ ಹತ್ತು ವರ್ಷವಾಗಿರಲಿಲ್ಲ, ಎಲ್ಲರೂ ಹೊಸದನ್ನು ನಂಬಲು ತಯಾರಿದ್ದರು. ಫ್ರಾನ್ಸ್‌ನ ಹತ್ತಾರು ವಿಜ್ಞಾನಿಗಳು ತಮಗೂ ಕಂಡಿತು ಎಂದು ಬರೆದರು. ಈ ಕಿರಣವನ್ನು ಅಳೆಯುವ ಮೀಟರ್ ಏನೂ ಇರಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಮಿಣುಕು ಬೆಳಕೊಂದು ಸ್ವಲ್ಪ ಹೆಚ್ಚು ಬೆಳಗಿತೇ ಇಲ್ಲವೇ ಎಂದು ಕಣ್ಣಂದಾಜಿನಲ್ಲಿ ಹೇಳಬೇಕಿತ್ತು.

ವುಡ್ ತಮ್ಮ ಲ್ಯಾಬಿನಲ್ಲಿ ಪ್ರಯತ್ನಿಸಿದರು. ಏನೂ ಕಾಣಲಿಲ್ಲ. ಬೇರೆ ದೇಶಗಳ ಎಷ್ಟೋ ಜನರಿಗೂ ಅದೇ ಅನುಭವ. 1904ರ ಸೆಪ್ಟೆಂಬರ್‌ನಲ್ಲಿ ಅವರು ನೇರವಾಗಿ ನಾನ್ಸಿಗೇ ಹೋದರು. ಅಲ್ಲಿ ಅಲ್ಯೂಮಿನಿಯಂ ಪಟ್ಟಕದಿಂದ ಎನ್-ಕಿರಣಗಳನ್ನು ಬಿಡಿಸಿ, ಯಾವ ಯಾವ ಜಾಗದಲ್ಲಿ ಬೀಳುತ್ತವೆ ಎಂದು ಅಳತೆ ಓದಿ ಹೇಳುತ್ತಿದ್ದರು. ಕತ್ತಲಲ್ಲಿ ವುಡ್ ಸದ್ದಿಲ್ಲದೆ ಆ ಪಟ್ಟಕವನ್ನು ತೆಗೆದುಬಿಟ್ಟರು. ಅಳತೆಗಳು ಮೊದಲಿನಂತೆಯೇ ಬರುತ್ತಾ ಹೋದವು. ಇನ್ನೊಂದು ಪ್ರಯೋಗದಲ್ಲಿ ಉಕ್ಕಿನ ಅರವನ್ನು ಕಣ್ಣಿನ ಹತ್ತಿರ ಹಿಡಿದರೆ ಅದರ ಕಿರಣದಿಂದ ಮಬ್ಬಿನಲ್ಲೂ ಗಡಿಯಾರ ಸ್ಪಷ್ಟವಾಗುತ್ತದೆ ಎಂದರು. ವುಡ್ ಅರದ ಬದಲು ಮರದ ತುಂಡು ಇಟ್ಟರು. ಆಗಲೂ ಸ್ಪಷ್ಟವಾಗಿಯೇ ಕಂಡಿತಂತೆ!

ಬ್ಲಾಂಡ್ಲೊ ಮೋಸಗಾರರಲ್ಲ. ಅವರಿಗೆ ನಿಜವಾಗಿಯೂ ಕಂಡಿತ್ತು. ನೋಡಬೇಕು ಎಂದು ಮನಸ್ಸು ನಿರ್ಧರಿಸಿದ್ದನ್ನು ಕಣ್ಣು ತೋರಿಸಿಬಿಟ್ಟಿತು, ಅಷ್ಟೇ. ಸೆಪ್ಟೆಂಬರ್ 29ರ ನೇಚರ್ ಪತ್ರಿಕೆಯಲ್ಲಿ ವುಡ್ ಅವರ ಪತ್ರ ಬಂತು. ಫ್ರಾನ್ಸ್‌ನ ಹೊರಗೆ ಎನ್-ಕಿರಣದ ಕಥೆ ಅಲ್ಲಿಗೆ ಮುಗಿಯಿತು.

ನಾನು ಎರಡು ಸಲ ಓದಿದ್ದು ಇನ್ನೊಂದು ಸಂಗತಿ. ಆ ಪತ್ರದಲ್ಲಿ ವುಡ್ ಬ್ಲಾಂಡ್ಲೊ ಅವರ ಹೆಸರು ಹಾಕಲಿಲ್ಲ. ಈ ಕಿರಣಗಳು ಕಾಣುತ್ತವೆ ಎನ್ನುವ ಪ್ರಯೋಗಾಲಯಗಳಲ್ಲಿ ಒಂದಕ್ಕೆ ಹೋಗಿದ್ದೆ ಎಂದಷ್ಟೇ ಬರೆದು, ಏನು ಮಾಡಿದೆ, ಏನಾಯಿತು ಎಂದು ಹೇಳಿದರು. ಓದಿದವರಿಗೆ ಯಾರೆಂದು ತಿಳಿಯದೇ ಇರಲಿಲ್ಲ ನಿಜ, ಪಟ್ಟಕ ತೆಗೆದದ್ದೂ ಮುಲಾಜಿಲ್ಲದ ಕೆಲಸವೇ. ಆದರೂ ಅವರ ಬಳಿ ಪರೀಕ್ಷೆ ಇತ್ತು, ಒಂದಲ್ಲ, ಎರಡು ಮೂರು ಪರೀಕ್ಷೆ. ಮಾತು ಬಂದಿದ್ದು ಆಮೇಲೆ. ನನ್ನಲ್ಲಿ ಮಾತು ಮೊದಲು ಬಂದಿತ್ತು. ನಕಲಿ ಹಿಡಿಯಬೇಕು ಎಂದು ಕೂತಿದ್ದವನಿಗೆ ನಕಲಿಯೇ ಕಂಡಿತು. ನಾನು ವುಡ್ ಜಾಗದಲ್ಲಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಕತ್ತಲೆ ಕೋಣೆಯಲ್ಲಿ ಕೂತವನು ನಾನೇ ಆಗಿದ್ದೆ.

ರಾಮನ್‌ಗೆ ಸಿಕ್ಕ ಬೆಂಬಲ

ಬರೀ ತಪ್ಪು ಹುಡುಕುವವರಾಗಿದ್ದರೆ ವುಡ್ ಇಷ್ಟವಾಗುತ್ತಿರಲಿಲ್ಲ. 1928ರಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್, ಚದುರಿದ ಬೆಳಕಿನಲ್ಲಿ ಹೊಸ ಬಣ್ಣದ ಗೆರೆಗಳು ಬರುವುದನ್ನು ಪ್ರಕಟಿಸಿದರು. ವುಡ್ ಅಷ್ಟು ಹೊತ್ತಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಅನಿಲಗಳ ಪ್ರತಿದೀಪ್ತಿ ಮೇಲೆ ದುಡಿದವರು. ತಮ್ಮ ಕೈಗೂ ಸಿಗಬಹುದಾಗಿದ್ದ ಶೋಧ ಇನ್ನೊಬ್ಬರಿಗೆ ಸಿಕ್ಕಿತ್ತು. ಅವರು ಆ ಪ್ರಯೋಗವನ್ನು ತಮ್ಮ ಲ್ಯಾಬಿನಲ್ಲಿ ಮಾಡಿ ನೋಡಿದರು, ಸರಿಯಿದೆ ಎಂದು ಖಚಿತವಾದ ಮೇಲೆ ನೇಚರ್ ಪತ್ರಿಕೆಗೆ ತಂತಿ ಕಳಿಸಿ ಮನಸಾರೆ ಹೊಗಳಿದರು. 1930ರಲ್ಲಿ ರಾಮನ್‌ಗೆ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ನಮ್ಮವರೇ ಆದರು. ವುಡ್ ಹೆಸರು ಹಲವು ಸಲ ನೊಬೆಲ್‌ಗೆ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ನಾನ್ಸಿಗೆ ಹೋದಾಗಲೂ, ರಾಮನ್ ವಿಷಯದಲ್ಲೂ ಅವರು ಮಾಡಿದ್ದು ಒಂದೇ ಕೆಲಸ: ತಾವೇ ಮಾಡಿ ನೋಡಿದ್ದು. ಒಂದರಲ್ಲಿ ಉತ್ತರ ಇಲ್ಲ ಎಂದು ಬಂತು, ಇನ್ನೊಂದರಲ್ಲಿ ಹೌದು ಎಂದು ಬಂತು.

ಅವರ ತಮಾಷೆ ಸ್ವಭಾವವನ್ನೂ ಹೇಳಬೇಕು. ಬೇಸಿಗೆಗೆ ಲಾಂಗ್ ಐಲ್ಯಾಂಡಿನ ಈಸ್ಟ್ ಹ್ಯಾಂಪ್ಟನ್‌ಗೆ ಹೋದರೆ ಹಳೆಯ ಕೊಟ್ಟಿಗೆಯೇ ಅವರ ಲ್ಯಾಬ್. ಅಲ್ಲಿ ಸುಮಾರು 40 ಅಡಿ ಉದ್ದದ ರೋಹಿತ ಯಂತ್ರದ ಕೊಳವೆಯಲ್ಲಿ ಜೇಡರ ಬಲೆ ಕಟ್ಟಿಕೊಂಡರೆ, ಮನೆಯ ಬೆಕ್ಕನ್ನು ಒಂದು ತುದಿಯಲ್ಲಿ ಒಳಗೆ ಬಿಡುತ್ತಿದ್ದರಂತೆ. ಅದು ಇನ್ನೊಂದು ತುದಿಯಲ್ಲಿ ಬರುವಷ್ಟರಲ್ಲಿ ಕೊಳವೆ ಕ್ಲೀನ್! ಪಾದರಸ ತುಂಬಿದ ತಟ್ಟೆಯನ್ನು ತಿರುಗಿಸಿ ಅದನ್ನೇ ದೂರದರ್ಶಕದ ಕನ್ನಡಿ ಮಾಡಿದ್ದೂ ಅಲ್ಲೇ. 1905ರಲ್ಲಿ ಅವರು ಬರೆದ ಫಿಸಿಕಲ್ ಆಪ್ಟಿಕ್ಸ್ ಗಂಭೀರ ಪಠ್ಯವಾದರೆ, ಎರಡು ವರ್ಷದ ನಂತರ ಬಂದದ್ದು ಹಕ್ಕಿಗೂ ಹೂವಿಗೂ ವ್ಯತ್ಯಾಸ ಹೇಳುವ ನೆಪದ ನಗೆಪದ್ಯಗಳ ಪುಸ್ತಕ. ಚಿತ್ರಗಳೂ ಅವರವೇ. 1927ರಲ್ಲಿ ಆಲ್ಫ್ರೆಡ್ ಲೂಮಿಸ್ ಜೊತೆ ಶ್ರವಣಾತೀತ ಶಬ್ದದ ಪ್ರಯೋಗ ಪ್ರಕಟಿಸಿದರು. ಬಾಂಬ್ ಪ್ರಕರಣಗಳಲ್ಲಿ ಪೊಲೀಸರಿಗೆ ನೆರವಾದರು. 1938ರಲ್ಲಿ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ ಬಂತು. 1955ರ ಆಗಸ್ಟ್ 11ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಮತ್ತೆ ಅಂಗಡಿಗೆ

ಬೆಳಿಗ್ಗೆ ಎದ್ದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಆ ಯಜಮಾನರು ಇಪ್ಪತ್ತು ವರ್ಷದಿಂದ ನಮ್ಮ ಗಿರಾಕಿ ಎಂದಷ್ಟೇ ಹೇಳಿ ಬೈಕಿನ ಕೀಲಿ ಕೊಟ್ಟರು. ಬಿಟ್ಟುಹೋದ ಬೆಲ್ಲ, ಬೇಳೆ ಕಟ್ಟಿಕೊಂಡು ಹೋದೆ.

ತಾತ ಜಗುಲಿ ಮೇಲೆ ಕೂತಿದ್ದರು. ನೋಟು ಇನ್ನೂ ಆ ಎಲೆ ಅಡಿಕೆ ಚೀಲದಲ್ಲೇ ಇತ್ತು. ಇನ್ಯಾರ ಮುಂದೆ ತೆಗೆದು ಮತ್ತೆ ಮಾತು ಕೇಳಲಿ ಎಂದು ಖರ್ಚೇ ಮಾಡಿರಲಿಲ್ಲ. ಬ್ಯಾಂಕಿಗೂ ಹೋಗಿರಲಿಲ್ಲ, ಪೊಲೀಸರನ್ನು ಕರೆದುಬಿಟ್ಟರೆ ಎಂಬ ಭಯ. ನಾನು ಒಂದು ವಾಕ್ಯ ಗಟ್ಟಿಯಾಗಿ ಹೇಳಿದ್ದಕ್ಕೆ ಒಬ್ಬರ ದುಡ್ಡು ಕಾಗದವಾಗಿ ಕೂತಿತ್ತು.

ಈ ಸಲ ಸರಿಯಾಗಿ ನೋಡಿದೆ. ಬೆಳಕಿಗೆ ಹಿಡಿದರೆ ಗಾಂಧೀಜಿಯ ನೀರುಗುರುತು ಇತ್ತು. ಓರೆ ಮಾಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಿತು. ಅಂಚಿನ ಉಬ್ಬು ಗೆರೆಗಳು ಬೆರಳಿಗೆ ಸಿಕ್ಕವು. ಕೋಣೆಯ ಕತ್ತಲಲ್ಲಿ ಟಾರ್ಚ್ ಹಿಡಿದಾಗ ನೀಲಿ ಹೊಳಪಿನ ನಡುವೆಯೂ ಸಂಖ್ಯೆಗಳು ಬೇರೆ ಬಣ್ಣದಲ್ಲಿ ಮಿನುಗಿದವು. ಅಂದು ನಾನು ಆ ಜಾಗ ನೋಡಿಯೇ ಇರಲಿಲ್ಲ. ಅಂಗಿ ಜೊತೆ ಒಗೆದುಹೋಗಿತ್ತೇ ಎಂದು ಕೇಳಿದೆ. ಸೊಸೆ ಒಗೆದಿದ್ದು, ಒಲೆ ಹತ್ತಿರ ಒಣಗಿಸಿದ್ದು ಅವರಿಗೆ ನೆನಪಿತ್ತು.

ತಪ್ಪಾಯ್ತು ಎಂದು ಕಾಲಿಗೆ ಬಿದ್ದೆ. ತಾತ ಟಾರ್ಚ್ ಇಸಿದುಕೊಂಡು ತಮ್ಮ ಪಂಚೆ ಮೇಲೆ ಬಿಟ್ಟರು. ಪಂಚೆಯೂ ನೀಲಿಯಾಗಿ ಹೊಳೆಯಿತು. ಹಾಗಾದರೆ ನನ್ನ ಪಂಚೆಯೂ ಖೋಟಾನೋ ಎಂದು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮಲ್ಲಿ ಅನೇಕರು ನಾಳೆ ಬ್ಯಾಂಕ್ ಕೌಂಟರ್‌ನಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ, ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೂರುವವರು. ನಮ್ಮ ಮುಂದೆ ಯಾರದೋ ನೋಟು, ಯಾರದೋ ಮಾರ್ಕ್ಸ್ ಕಾರ್ಡ್ ಬರುತ್ತದೆ. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಮೂರ್ನಾಲ್ಕು ಗುರುತು ನೋಡಿ. ಯುವಿ ದೀಪವನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ನೋಟಿನ ಬಗ್ಗೆ ಅನುಮಾನ ಉಳಿದರೆ ಬ್ಯಾಂಕಿನಲ್ಲಿ ತೋರಿಸಲು ಹೇಳಿ, ತೀರ್ಮಾನ ಅವರದು. ಏನೇ ಹೇಳುವುದಿದ್ದರೂ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿ.

ಆ ಟಾರ್ಚ್ ಈಗಲೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಅಪ್ಪ ಅದರ ಜೊತೆ ನನ್ನ ಒಗೆದ 100ರ ನೋಟನ್ನೂ ಇಟ್ಟಿದ್ದಾರೆ. ಯಾರ ನೋಟಾದರೂ ಹೊಳೆದರೆ ಮೊದಲು ಅದನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.